ಎಂಟಕ್ಕೆ ಕಡಿಮೆಯಿಲ್ಲದಂತೆ

ಹಳೆಯ ರೂಟರಿನ ಹೆಸರು, ಹಳೆಯ ಪಾಸ್‌ವರ್ಡು ಎರಡನ್ನೂ ಹೇಳಿಬಿಟ್ಟರೆ ಐದು ನಿಮಿಷದ ಕೆಲಸ ಎಂದು ಹೊಸ ರೂಟರು ಹಾಕಲು ಬಂದಿದ್ದ ಅನೀಸ್ ಏಣಿಯ ಮೇಲಿಂದಲೇ ಹೇಳಿದಾಗ ಸರ್ವಮಂಗಳಳ ಕೈಯಲ್ಲಿದ್ದ ಕಾಫಿ ಲೋಟ ಅಲುಗಲಿಲ್ಲ. ಅಲುಗಲಿಲ್ಲ ಎಂಬುದನ್ನು ಅವಳೇ ಗಮನಿಸಿದಳು. ಗಮನಿಸಿದ್ದರಿಂದಲೇ ತಾನು ಹೆದರಿದ್ದೇನೆಂದು ತಿಳಿಯಿತು. ಲೋಟವನ್ನು ಮೇಜಿನ ಮೇಲೆ, ಪ್ರಿಂಟರಿನ ಪಕ್ಕದಲ್ಲಿಟ್ಟಳು. ನಡುಮನೆಯಲ್ಲಿ ನವೆಂಬರಿನ ಬಿಸಿಲು ಮೊಣಕಾಲೆತ್ತರಕ್ಕೆ ಬಂದು ನಿಂತಿತ್ತು. ಹಿಂದಿನ ಬೀದಿಯ ನೂಲು ತೆಗೆಯುವ ಫಿಲೇಚರಿನಿಂದ ರೇಷ್ಮೆಗೂಡು ಬೇಯುವ ವಾಸನೆ ಎಂದಿನಂತೆ ಒಳಗೆ ಬಂದು, ಬಂದದ್ದು ಯಾರಿಗೂ ತಿಳಿಯದ ಹಾಗೆ ಉಳಿದುಕೊಂಡಿತ್ತು. ಕಿಟಕಿಯ ಬಳಿಯ ದಿವಾನದ ಮೇಲೆ ಅತ್ತೆ ವಿಮಲಮ್ಮ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪ್ರಿಂಟರಿನ ನೀಲಿ ದೀಪ ಮಿನುಗುತ್ತಿತ್ತು. ಹಳೆಯ ರೂಟರಿನ ತಂತಿ ಕಿತ್ತ ನಿನ್ನೆ ಸಂಜೆಯಿಂದ ಅದು ಹಾಗೇ ಮಿನುಗುತ್ತಿದೆ. ಈ ಮನೆಯ ಗಾಳಿಯಲ್ಲಿ ಈಗ ಇಲ್ಲದ ಒಂದು ಹೆಸರನ್ನು, ಇದೆಯೆಂದೇ ನಂಬಿ, ಹುಡುಕುತ್ತಿದೆ.

"ನೋಡಿ ಮೇಡಂ, ಇದು ಹಳೇ ಮೆಷಿನ್ನು. ಹೊಸ ರೂಟರು ಎರಡು ಥರ ಸಿಗ್ನಲ್ ಬಿಡ್ತದೆ. ಜೋರಾಗಿರೋದು ಇದರ ಕಣ್ಣಿಗೆ ಬೀಳೋದೇ ಇಲ್ಲ. ನಿಧಾನದ್ದು ಮಾತ್ರ ಕಾಣ್ತದೆ. ಆ ನಿಧಾನದ್ದಕ್ಕೆ ಹಳೇ ಹೆಸ್ರು, ಹಳೇ ಪಾಸ್‌ವರ್ಡು ಹಾಕ್ಬುಟ್ರೆ ಇದಕ್ಕೆ ರೂಟರ್ ಬದಲಾಗೈತೆ ಅಂತಾನೇ ಗೊತ್ತಾಗಲ್ಲ. ನಮ್ಮನೇಗೇ ಬಂದೆ ಅನ್ಕೊಂಡು ಒಳಕ್ ಬಂದ್ಬುಡ್ತದೆ." ಅನೀಸ್ ಏಣಿಯಿಳಿದು ಕೈ ಒರೆಸಿಕೊಂಡ. "ಹೆಸ್ರು ಸಿಕ್ತು, ಹಳೇ ಡಬ್ಬದ ಮೇಲೇ ಬರ್ದೈತೆ. ಪಾಸ್‌ವರ್ಡು ಹೇಳ್ಬುಡಿ."

"ನೆನಪಿಲ್ಲವಲ್ಲಪ್ಪ."

"ನೆನಪಿಲ್ವಾ?" ವಿಮಲಮ್ಮ ತಲೆಯೆತ್ತದೆ ಕೇಳಿದರು. "ಮನೇಗ್ ಬಂದೋರ್ಗೆಲ್ಲ ಐದು ವರ್ಷದಿಂದ ನೀನೇ ತಾನೆ ಹಾಕ್ಕೊಡ್ತಿದ್ದೆ?"

ಹೌದು, ಅವಳೇ. ಗಂಡ ಶಂಭುಲಿಂಗನ ಫೋನು, ಮಗಳು ಕವನಳ ಲ್ಯಾಪ್‌ಟಾಪು, ಹಬ್ಬಕ್ಕೆ ಬಂದ ಮಾಗಡಿಯ ನಾದಿನಿಯ ಮಕ್ಕಳ ಫೋನುಗಳು, ಅತ್ತೆ ಬೆಳಿಗ್ಗೆ ವಚನ ಕೇಳುವ ಟ್ಯಾಬು, ಎಲ್ಲವನ್ನೂ ಅವರವರ ಕೈಯಿಂದ ಇಸಿದುಕೊಂಡು, ಒಂದಿಷ್ಟು ಓರೆಯಾಗಿ ತಿರುಗಿ, ಒತ್ತಿ ಕೊಡುತ್ತಿದ್ದಳು. ಅಮ್ಮ ಏನೋ ಖಜಾನೆ ಬೀಗದ್ಕೈ ಇಟ್ಕೊಂಡವ್ಳಂಗೆ ಆಡ್ತಾಳೆ ಎಂದು ಕವನ ನಗುತ್ತಿದ್ದಳು. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, 'ಮುದುಕಿ ಸಾಯಲಿ' ಎಂದು ಪಾಸ್‌ವರ್ಡು ಬರೆದಿದ್ದಳು ಸರ್ವಮಂಗಳ. ಐದು ವರ್ಷದ ಹಿಂದೆ, ಶಾಲೆಗಳೆಲ್ಲ ಮುಚ್ಚಿ ಪಾಠ ಮನೆಗೇ ಬರುತ್ತಿದ್ದ ದಿನಗಳಲ್ಲಿ, ರೂಟರು ಪ್ರಿಂಟರು ಎರಡೂ ಒಂದೇ ವಾರ ಬಂದಿದ್ದವು. ತಂತಿ ಎಳೆದವನು ಫೋನನ್ನು ಅವಳ ಕೈಗೆ ಕೊಟ್ಟು, ಎಂಟು ಅಕ್ಷರಕ್ಕೆ ಕಡಿಮೆ ಇಲ್ಲದ ಹಾಗೆ ಏನಾದರೂ ಹಾಕಿ ಎಂದಿದ್ದ. ಅವಳ ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಯಾರಾದರೂ ಅವಳ ಕೈಗೆ ಏನನ್ನಾದರೂ ಕೊಟ್ಟು, ಏನಾದರೂ ಬರಿ, ನಿನ್ನ ಇಷ್ಟ, ಎಂದದ್ದು ಅದೇ ಮೊದಲು. ಯೋಚಿಸಲಿಲ್ಲ. ಬೆರಳು ತಾನಾಗಿ ಹೋಯಿತು. ಆಮೇಲೆ ಬದಲಿಸೋಣ ಎಂದುಕೊಂಡದ್ದು, ಬದಲಿಸುವುದು ಹೇಗೆಂದು ತಿಳಿಯದೆ, ಕೇಳಿದರೆ ಹಳೆಯದು ಯಾವುದೆಂದು ಕೇಳುತ್ತಾರೆಂಬ ಅಂಜಿಕೆಯಲ್ಲಿ ಉಳಿದುಬಿಟ್ಟಿತು. ಉಳಿದದ್ದು ಮನೆಯ ಉಸಿರಿಗೆ ಸೇರಿಕೊಂಡಿತು. ಸಂಜೆ ಶಂಭುಲಿಂಗ ಪಂಪ್‌ಸೆಟ್ ಅಂಗಡಿ ಮುಚ್ಚಿ ಗೇಟು ತೆಗೆಯುವಾಗಲೇ ಅವನ ಜೇಬಿನಲ್ಲಿದ್ದ ಫೋನು, ಅವನಿಗೇ ತಿಳಿಯದಂತೆ, ಆ ಮಾತನ್ನು ಒಮ್ಮೆ ಹೇಳಿ ಒಳಗೆ ಬರುತ್ತಿತ್ತು. ಬೆಳಗಿನ ಆರು ಗಂಟೆಗೆ ಅತ್ತೆ ವಿಭೂತಿ ಹಚ್ಚಿಕೊಂಡು ಟ್ಯಾಬನ್ನು ಮುಟ್ಟಿದರೆ, ವಚನಕ್ಕೂ ಮೊದಲು ಅದು ಅದನ್ನೇ ಹೇಳಿಕೊಳ್ಳುತ್ತಿತ್ತು. ಕೆಲವು ಮಧ್ಯಾಹ್ನ ಒಬ್ಬಳೇ ಮಲಗಿರುವಾಗ ಸರ್ವಮಂಗಳಳಿಗೆ ಗೋಡೆಗಳ ನಡುವೆ, ಪಾತ್ರೆಗಳ ಮೇಲೆ, ದೇವರ ಗೂಡಿನ ದೀಪದ ಸುತ್ತ ಆ ಸದ್ದಿಲ್ಲದ ಗೊಣಗು ನೀರಿನ ಹಾಗೆ ಹರಿಯುತ್ತಿರುವಂತೆ ಅನ್ನಿಸುತ್ತಿತ್ತು. ಅವಳು ಅದನ್ನು ಒಂದೇ ಸಲ ಬರೆದದ್ದು. ಜಪ ಮಾಡಿದ್ದು ಮನೆ.

"ಮನೇಲಿ ಲ್ಯಾಪ್‌ಟಾಪ್ ಇದ್ರೆ ಕೊಡಿ, ಅದ್ರೊಳಗ್ ಹೋದ್ರೆ ಹಳೇ ಪಾಸ್‌ವರ್ಡು ಕಾಣ್ತದೆ," ಎಂದ ಅನೀಸ್.

"ಇದ್ದದ್ದು ಕೆಟ್ಟೋಗಿದೆ."

ಒಳಕೋಣೆಯ ಬೀರುವಿನಲ್ಲಿ ಲ್ಯಾಪ್‌ಟಾಪು ಚೆನ್ನಾಗಿಯೇ ಇತ್ತು. ಮೈಸೂರಿನ ಹಾಸ್ಟೆಲಿಗೆ ಹೊಸದನ್ನು ಒಯ್ದ ಕವನ ಇದನ್ನು ಬಿಟ್ಟುಹೋಗಿದ್ದಳು. ಮೊನ್ನೆಯಷ್ಟೇ ಸರ್ವಮಂಗಳ ಅದರಲ್ಲಿ ಅತ್ತೆಗೆ ಯಾರದೋ ಮದುವೆಯ ವಿಡಿಯೋ ತೋರಿಸಿದ್ದಾಳೆ. ಅತ್ತೆ ಈಗ ಅದನ್ನು ಹೇಳಿಬಿಡಬಹುದು. ಒಂದು ಅವರೆಕಾಯಿ ಸುಲಿಯುವಷ್ಟು ಹೊತ್ತು ಅವಳು ಉಸಿರು ಹಿಡಿದಳು. ವಿಮಲಮ್ಮ ಕನ್ನಡಕ ಮೇಲೇರಿಸಿಕೊಂಡು ಅನೀಸನನ್ನೇ ನೋಡುತ್ತಿದ್ದರು.

"ನೀನು ಗೂಡಿನ ಮಾರ್ಕೆಟ್ಟಿನ ಸನಾವುಲ್ಲಾನ ಮಗ ಅಲ್ವೇನೋ?"

"ಹೂಂ ಟೀಚರಮ್ಮ. ಅಬ್ಬಾಗೆ ನೀವೇ ಪಾಠ ಹೇಳ್ಕೊಟ್ಟಿದ್ದಂತೆ."

"ಹೇಳ್ಕೊಟ್ಟೆ, ಕಲೀಲಿಲ್ಲ. ಭಾಗಾಕಾರ ಅಂದ್ರೆ ಹೊಟ್ಟೆನೋವು ಅಂತಿದ್ದ."

"ಈಗ್ಲೂ ಅಷ್ಟೇ ಬುಡಿ. ಮನೇಲಿ ಬಿರಿಯಾನಿ ಭಾಗ ಮಾಡೋದೂ ನಮ್ ಅಮ್ಮೀನೆ."

ಇಬ್ಬರೂ ನಕ್ಕರು. ಸರ್ವಮಂಗಳಳೂ ನಕ್ಕಳು, ಒಂದು ಕ್ಷಣ ತಡವಾಗಿ. ಅಷ್ಟರಲ್ಲಿ ಅಂಗಡಿಯಿಂದ ಶಂಭುಲಿಂಗನ ಫೋನು. "ಆಯ್ತಾ? ಹಳೇದೇ ಹಾಕ್ಸು ಮಂಗಳಾ, ಎಲ್ಲಾರ್ದೂ ಮತ್ತೆ ಯಾರ್ ಮಾಡ್ಕೊಂಡು ಕೂರ್ತಾರೆ. ಸೋಮವಾರ ಕೊನೇ ದಿನ ಅಂದವ್ರೆ ಬ್ಯಾಂಕಲ್ಲಿ, ಅಮ್ಮನ ಫಾರಂ ಇವತ್ತೇ ಪ್ರಿಂಟ್ ತಗ್ದಿಡು." ಆಗಲಿ ಎಂದಳು. ಫಾರಂ ಎಂದರೆ ವಿಮಲಮ್ಮನವರ ಪಿಂಚಣಿಯ ಲೈಫ್ ಸರ್ಟಿಫಿಕೇಟು. ಬದುಕಿದ್ದೇನೆಂದು ಪ್ರತಿ ನವೆಂಬರಿನಲ್ಲಿ ಹೇಳಬೇಕಾದ ಕಾಗದ. ಬೆರಳಿಟ್ಟರೆ ಸಾಕು ಎನ್ನುವ ಯಂತ್ರ ಬ್ಯಾಂಕಿನಲ್ಲಿದೆ, ಆದರೆ ಈ ವರ್ಷ ಅದು ಅತ್ತೆಯ ಬೆರಳನ್ನು ಗುರುತಿಸಲಿಲ್ಲ. ಹತ್ತೂ ಬೆರಳನ್ನು ಒಂದೊಂದಾಗಿ ಒರೆಸಿ ಇಟ್ಟರು. ಗೆರೆ ಸವೆದು ಹೋಗಿವೆ, ಫಾರಂ ತುಂಬಿ ತನ್ನಿ ಎಂದರು. ವಾಪಸು ಬರುವಾಗ ಆಟೋದಲ್ಲಿ ಅತ್ತೆ ತಮ್ಮ ಬೆರಳ ತುದಿಗಳನ್ನೇ ನೋಡಿಕೊಳ್ಳುತ್ತ, ಮೂವತ್ತೆರಡು ವರ್ಷ ಸೀಮೆಸುಣ್ಣ ಹಿಡಿದದ್ದಲ್ವಾ ಮಂಗಳಾ, ಅದೇ ತಿಂದಿರ್ಬೇಕು, ಎಂದಿದ್ದರು. ಆಗ ಅವರ ಕೈಯನ್ನು ಹಿಡಿದುಕೊಳ್ಳಬೇಕೆನ್ನಿಸಿತ್ತು. ಹಿಡಿದುಕೊಳ್ಳಲಿಲ್ಲ. ಯಾವ ಕೈಯಿಂದ ಹಿಡಿಯುವುದು?

ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡು ಬರುತ್ತೇನೆ ಎಂದು ಈಗ ಮೆಲ್ಲಗೆ ಹೇಳಿ ನೋಡಿದಳು.

"ಮನೇಲಿ ಮೆಷಿನ್ ಇಟ್ಕೊಂಡು ಜೆರಾಕ್ಸ್ ಅಂಗ್ಡೀಲಿ ಕ್ಯೂ ನಿಲ್ತೀಯ? ಅಂಥದ್ದೇನ್ ಬಂದೈತೆ ಇದಕ್ಕೆ ರೋಗ?" ಎಂದರು ಅತ್ತೆ.

ಅನೀಸ್ ಕೈಗಡಿಯಾರ ನೋಡಿಕೊಂಡ. ಕೂಟಗಲ್ ಕಡೆ ಎರಡು ಕಂಪ್ಲೇಂಟು ಇವೆ, ಕಾಯುತ್ತಿದ್ದಾರೆ. ರೂಟರಿನ ಅಡಿಯ ಚೀಟಿಯಲ್ಲಿ ಕಂಪನಿಯವರೇ ಅಚ್ಚು ಹಾಕಿದ ಪಾಸ್‌ವರ್ಡು ಇದೆ, ಸದ್ಯಕ್ಕೆ ಅದೇ ಇರಲಿ. ಅದನ್ನು ಪ್ರಿಂಟರಿನ ಬಾಣದ ಗುಂಡಿಗಳಿಂದ ಒಂದೊಂದೇ ಅಕ್ಷರ ಹತ್ತಿಸಿ ಹಾಕಬೇಕು, ತಾಳ್ಮೆ ಬೇಕು ಅಷ್ಟೆ, ಎಂದು ಚೀಟಿಯನ್ನು ಕಿತ್ತುಕೊಟ್ಟು ತೋರಿಸಿಕೊಟ್ಟ. ಮುಂದೆ ಬದಲಿಸಬೇಕೆನ್ನಿಸಿದರೆ ಇಲ್ಲಿ, ಎಂದು ಅವಳ ಫೋನಿನಲ್ಲೊಂದು ಜಾಗ ತೆರೆದ. ಅತ್ತೆಯೂ ಕತ್ತು ಚಾಚಿ ನೋಡಿದರು. "ಅಷ್ಟೇನಾ? ಇಷ್ಟಕ್ಕೆ ನೀವ್ ಏಣಿ ಹತ್ತೀರಾ?" ಎಂದರು. ಅನೀಸ್ ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತ, ದನಿ ತಗ್ಗಿಸಿ, "ಹಳೇ ಪಾಸ್‌ವರ್ಡು ಎಲ್ಲಾರೂ ಏನೇನೋ ಇಟ್ಟಿರ್ತಾರೆ ಮೇಡಂ. ಎಷ್ಟ್ ಮನೇಲಿ ನೋಡಿವ್ನಿ. ತಲೆ ಕೆಡಿಸ್ಕಬ್ಯಾಡಿ," ಎಂದು ಹೋದ. ಗೇಟು ಮುಚ್ಚಿದ ಮೇಲೂ ಸರ್ವಮಂಗಳಳ ಕಿವಿ ಬಿಸಿಯಾಗಿಯೇ ಇತ್ತು. ಅವನಿಗೆ ಏನೂ ಗೊತ್ತಿಲ್ಲ. ಆದರೂ ಅವನ ಮುಂದೆ ಸೀರೆಯ ಸೆರಗು ಜಾರಿದವಳ ಹಾಗೆ ನಿಂತುಬಿಟ್ಟಿದ್ದಳು.

ಅವರೆಕಾಯಿಯ ಬೋಸಿ ಪಕ್ಕಕ್ಕೆ ಸರಿದು, ಅತ್ತೆ ರೂಟರಿನ ಚೀಟಿಯನ್ನು ಭೂತಗನ್ನಡಿಯಲ್ಲಿ ಹಿಡಿದು ಓದುವುದು, ಅವಳು ಪ್ರಿಂಟರಿನ ಮುಂದೆ ಮೊಣಕಾಲೂರಿ ಒತ್ತುವುದು ಎಂದಾಯಿತು. ಎರಡೇ ಸಾಲಿನ ಆ ಪುಟ್ಟ ಪರದೆಯಲ್ಲಿ ಮೇಲಿನ ಬಾಣ ಒತ್ತಿದರೆ ಎ ಬಿ ಸಿ ಡಿ ಒಂದೊಂದಾಗಿ ಮೂಡಿ ಮರೆಯಾಗುತ್ತವೆ. ಎಸ್ ಬರಬೇಕಾದರೆ ಹತ್ತೊಂಬತ್ತು ಸಲ ಒತ್ತಬೇಕು. ಒಂದು ಹೆಚ್ಚು ಒತ್ತಿದರೆ ಟಿ. "ಎಸ್ಸು. ಏಳು. ಕೆ, ಸಣ್ಣದು. ಎರಡು," ಎನ್ನುತ್ತಿದ್ದರು ಅತ್ತೆ, ಉಕ್ತಲೇಖನ ಕೊಡುವ ದನಿಯಲ್ಲಿ, ಪ್ರತಿ ಅಕ್ಷರದ ಬಳಿಕ ಮಕ್ಕಳು ಬರೆದುಕೊಳ್ಳಲೆಂದು ನಿಲ್ಲಿಸುವ ಹಾಗೆ ನಿಲ್ಲಿಸಿ. ಸರ್ವಮಂಗಳಳಿಗೆ ನಿದ್ದೆಯಂಥ ಒಂದು ನೆಮ್ಮದಿ ಇಳಿಯುತ್ತಿತ್ತು. ಎಸ್ಸು, ಏಳು, ಕೆ, ಎರಡು. ಇವಕ್ಕೆ ಅರ್ಥವಿಲ್ಲ. ಇವು ಯಾರಿಗೂ ಏನನ್ನೂ ಬಯಸುವುದಿಲ್ಲ. ಹೀಗೆ ಅರ್ಥವಿಲ್ಲದ ಅಕ್ಷರಗಳನ್ನೇ ಬರೆದುಕೊಂಡು ಒಂದು ಮನೆಯಲ್ಲಿ ಇಬ್ಬರು ಹೆಂಗಸರು ಎಷ್ಟೋ ವರ್ಷ ಇದ್ದುಬಿಡಬಹುದು. ಬಿಸಿಲು ಮೊಣಕಾಲೆತ್ತರದಿಂದ ಮೇಜಿನ ಅಂಚಿಗೆ ಹತ್ತಿತ್ತು.

"ಇದೇನಿದು, ಬಾಯಿಗೇ ಹತ್ತಲ್ಲ," ಎಂದರು ಅತ್ತೆ. "ಹಳೇದು ಹಾಕಿದ್ರೆ ಸುಲಭ ಅಂದ್ನಲ್ಲ ಅನೀಸು. ಲ್ಯಾಪ್‌ಟಾಪೂ ಐತೆ. ಕೆಟ್ಟೋಗಿದೆ ಅಂದ್ಯಲ್ಲ, ಯಾಕೆ?"

ಬಾಣದ ಮೇಲಿನ ಬೆರಳು ನಿಂತಿತು. ಪರದೆಯ ಮೇಲೆ ಎಮ್ ಎಂಬ ಅಕ್ಷರ ನಡುಗದೆ ನಿಂತಿತ್ತು. ಏನಾದರೂ ಒಂದು ಸುಳ್ಳು ಹೇಳಬಹುದಿತ್ತು, ಸುಳ್ಳುಗಳು ಸಾಲಾಗಿ ಹತ್ತಿರವೇ ನಿಂತಿದ್ದವು. ಆದರೆ ಅತ್ತೆಯ ಸವೆದ ಬೆರಳು ಚೀಟಿಯ ಮೇಲೆ ಮುಂದಿನ ಅಕ್ಷರದಡಿ ಕಾಯುತ್ತಿತ್ತು, ಕಳೆದುಹೋಗದಿರಲೆಂದು. ಅವಳು ಹೇಳಿದಳು. ಪ್ರಿಂಟರಿನ ಕಡೆಗೇ ಮುಖ ಮಾಡಿ, ಆ ಎರಡು ಪದಗಳನ್ನು, ಮೊದಲ ಸಲ ಬಾಯಿಂದ. ಎಷ್ಟು ಚಿಕ್ಕ ಮಾತು.

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ದೂರದಲ್ಲಿ ಮೈಸೂರಿನ ರೈಲು ಸೇತುವೆ ದಾಟಿತು.

"ಮುದುಕಿ ಅಂದ್ರೆ ನಾನೇ ತಾನೆ?"

"ಹೂಂ."

"ಆಗ ನಂಗೆ ಎಪ್ಪತ್ತೊಂದು. ಅಂಥಾ ಮುದುಕಿ ಏನಾಗಿರ್ಲಿಲ್ಲ." ಕನ್ನಡಕ ಸರಿಪಡಿಸಿಕೊಂಡು, "ಕೆಲ್ಸ ಮಾಡ್ಲಿಲ್ವಲ್ಲ ನಿನ್ ಪಾಸ್‌ವರ್ಡು," ಎಂದರು. ನಗಲು ಹೊರಟ ದನಿ ನಡುವೆ ಎಲ್ಲೋ ಒಣಗಿತು. ಭೂತಗನ್ನಡಿಯನ್ನು ಮಡಿಲಲ್ಲಿಟ್ಟುಕೊಂಡರು. "ಯಾಕೆ ಮಂಗಳಾ? ನಾನೇನ್ ಮಾಡಿದ್ದೆ?"

ಏನು ಮಾಡಿದ್ದರೆಂದರೆ, ಶಂಭುಲಿಂಗನ ಅಂಗಡಿಯ ಪೂಜೆಯ ದಿನ, ಇದೇ ನಡುಮನೆಯಲ್ಲಿ ನೆಂಟರು ತುಂಬಿರುವಾಗ, ಅಂಗಡಿಯ ಕರಪತ್ರವನ್ನು ಕೋಡಿಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಅವಳ ಅಪ್ಪ ವೃಷಭೇಂದ್ರಪ್ಪನ ಕೈಗಿಟ್ಟು, ಬೀಗರೇ, ನೀವೇ ಎಲ್ಲಾರ್ಗೂ ಕೇಳೋ ಹಂಗೆ ಓದಿ, ಎಂದಿದ್ದರು. ಅಪ್ಪ ಕಾಗದವನ್ನು ಹಿಡಿದುಕೊಂಡೇ ಇದ್ದ. ಅವನ ಹೆಬ್ಬೆರಳು ಅದರ ಅಂಚನ್ನು, ಎಳೆಗರುವಿನ ಕಿವಿಯನ್ನು ಸವರುವ ಹಾಗೆ, ಸವರುತ್ತಿತ್ತು. ಆಮೇಲೆ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡು, "ಊರ್ಗೋಗಿ ನಿದಾನ್ವಾಗಿ ಓದ್ಕತೀನಿ ಕಣವ್ವ," ಎಂದ. ಯಾರೋ ನಕ್ಕರು. ಆ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಅವನ ಟ್ರಂಕಿನಲ್ಲಿ ಪಹಣಿ ಪತ್ರಗಳ ಜೊತೆ ಆ ಕರಪತ್ರ ಇತ್ತು, ನಾಲ್ಕು ಮಡಿಕೆಯಲ್ಲೇ. ಊರಿಂದ ಅವಳು ವಾಪಸು ಬಂದ ನಾಲ್ಕನೆಯ ದಿನ ರೂಟರಿನವನು ಬಂದದ್ದು. ಇಷ್ಟನ್ನೂ ಅವಳು ಹೇಳಿದಳು, ಹಿಂದುಮುಂದಾಗಿ, ಮಡಿಕೆಯ ವಿಷಯವನ್ನು ಎರಡು ಸಲ.

ವಿಮಲಮ್ಮ ಬಹಳ ಹೊತ್ತು ನೆನಪಿನಲ್ಲಿ ಹುಡುಕಿದರು. ಹುಡುಕುವುದು ಅವರ ಮುಖದ ಮೇಲೆ ಕಾಣುತ್ತಿತ್ತು.

"ನಂಗ್ ನೆನಪಿಲ್ಲ ಮಂಗಳಾ. ತಪ್ಪಿಸ್ಕೊಳಕ್ಕೆ ಹೇಳ್ತಿಲ್ಲ. ಇಲ್ಲ."

ಇದನ್ನು ಅವಳು ಎಣಿಸಿರಲಿಲ್ಲ. ಐದು ವರ್ಷ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ ದಿನ, ಇನ್ನೊಬ್ಬರ ಬಳಿ ಇರಲೇ ಇಲ್ಲ.

"ಬೀಗರಿಗೆ ಓದಕ್ ಬರ್ತಿರ್ಲಿಲ್ವಾ?" ಎಂದರು ಅತ್ತೆ. "ನಾಕ್ನೇ ಕ್ಲಾಸು ಓದವ್ರೆ ಅಂತ ನೀನೇ ಹೇಳಿದ್ದಲ್ವಾ, ಹೆಣ್ಣು ನೋಡಕ್ ಬಂದಾಗ? ನಾನು ಟೀಚರ್ರು, ಅದ್ನೇ ಮೊದ್ಲು ಕೇಳಿದ್ದು. ನಿಮ್ಮಪ್ಪ ಬಾಗ್ಲತ್ರ ನಿಂತಿದ್ರು, ಏನೂ ಮಾತಾಡ್ಲಿಲ್ಲ. ನೀನೇ ಹೇಳಿದ್ದು. ಅದ್ ನೆನಪೈತೆ ನಂಗೆ."

ಕೋಡಿಹಳ್ಳಿಯ ಮನೆಯ ಬಾಗಿಲು, ಒಗೆದು ಒಣಗದ ಅಂಗಿ ತೊಟ್ಟ ಅಪ್ಪ, ಚಾಪೆಯ ಮೇಲೆ ಉಪ್ಪಿಟ್ಟಿನ ತಟ್ಟೆಗಳು, ತಲೆ ತಗ್ಗಿಸಿ ಕೂತ ಇಪ್ಪತ್ಮೂರರ ತಾನು. ನಾಲ್ಕನೇ ಕ್ಲಾಸು. ಆ ಸುಳ್ಳನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿ ತಾನಾಗಿ ಹೋಯಿತು. ಅಪ್ಪ ಅವಳ ಕಡೆ ಒಮ್ಮೆ ನೋಡಿದ್ದ. ಬಯ್ಯುವ ನೋಟವಲ್ಲ. ತನ್ನಲ್ಲಿರುವ ಕೊರತೆಯ ಅಳತೆ ಅವನಿಗೆ ಆ ಕ್ಷಣ ಮಗಳಿಂದ ಸಿಕ್ಕಿತ್ತು. ಆಮೇಲಿನ ಹದಿನೆಂಟು ವರ್ಷ ಈ ಮನೆಗೆ ಬಂದಾಗಲೆಲ್ಲ ಅವನು ಆ ನಾಲ್ಕನೇ ಕ್ಲಾಸನ್ನು ಹೊತ್ತುಕೊಂಡೇ ಬರುತ್ತಿದ್ದನಲ್ಲ. ಪೇಪರು ಎದುರಿಗಿದ್ದರೆ ಪುಟ ತಿರುವುತ್ತ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುತ್ತ, ಮಗಳ ಮಾತು ಉಳಿಸಲೆಂದು. ಅವತ್ತು ಕಾಗದವನ್ನು ಅವನ ಕೈಗಿಟ್ಟವರು ಅತ್ತೆಯೇ. ಆದರೆ ಅದನ್ನು ಓದಬಲ್ಲವನೆಂದು ಅವನನ್ನು ಅಲ್ಲಿ ತಂದು ನಿಲ್ಲಿಸಿದವಳು? ಸರ್ವಮಂಗಳಳಿಗೆ ಅಳು ಬರಲಿಲ್ಲ. ಮೊಣಕಾಲಿನ ಕೆಳಗೆ ನೆಲ ತಣ್ಣಗಿದೆ ಎಂದು ಮಾತ್ರ ತಿಳಿಯುತ್ತಿತ್ತು. ನೋಡಿದರೆ ಪ್ರಿಂಟರಿನ ಪರದೆ ಕಪ್ಪಾಗಿತ್ತು. ಬಹಳ ಹೊತ್ತು ಮುಟ್ಟದೆ ಬಿಟ್ಟದ್ದಕ್ಕೆ ಅದು ಮಲಗಿಬಿಟ್ಟಿತ್ತು. ಒತ್ತಿದಳು. ಎಬ್ಬಿಸಿದರೆ ಹಾಕಿದ ಅಕ್ಷರಗಳೊಂದೂ ಇಲ್ಲ.

"ಎಲ್ಲ ಹೋಯ್ತು ಅತ್ತೆ. ಮೊದಲಿಂದ ಹಾಕ್ಬೇಕು."

ವಿಮಲಮ್ಮ ದಿವಾನದಿಂದ ಕಾಲಿಳಿಸಿದರು. ಎದ್ದು ಹೋಗುತ್ತಾರೆ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ, ಸಂಜೆ ಮಗನಿಗೆ ಹೇಳುತ್ತಾರೆ. ಹಾಗೇ ಆಗಲಿ. ಆದರೆ ಅವರು ಗೋಡೆ ಹಿಡಿದುಕೊಂಡು ಬಂದು, ಪ್ರಿಂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಕೈ ಚಾಚಿದರು.

"ಫೋನ್ ಕೊಡು. ಅನೀಸ್ ತೋರಿಸ್ದ್ನಲ್ಲ, ಆ ಜಾಗ ತೆಗ್ದು ಕೊಡು."

ತೆಗೆದು ಕೊಟ್ಟಳು.

"ಅತ್ಲಾಗ್ ತಿರುಗು."

"ಅತ್ತೆ..."

"ತಿರುಗು ಅಂದೆ. ಒಂದ್ಸಲ ನೀನ್ ಇಟ್ಟೆ. ಈ ಸಲ ನಾನ್ ಇಡ್ತೀನಿ."

ಅವಳು ಕಿಟಕಿಯ ಕಡೆ ತಿರುಗಿದಳು. ಮನೆಗಳ ಮೇಲೆ ಬಂಡೆಬೆಟ್ಟ, ಅದರ ಮೇಲೆ ಬಿಳಿಯ ಆಕಾಶ. ಬೆನ್ನ ಹಿಂದೆ ಅತ್ತೆಯ ತೋರುಬೆರಳು ಗಾಜಿನ ಮೇಲೆ ಒಂದೊಂದೇ ಬಡಿಯುತ್ತಿತ್ತು, ನಡುವೆ ಯೋಚಿಸುವಷ್ಟು ಬಿಡುವು. ಒಂದು, ಎರಡು. ತಾನು ಎಣಿಸುತ್ತಿದ್ದೇನೆಂದು ತಿಳಿದು ನಾಚಿಕೆಯಾಯಿತು, ಆದರೂ ಎಣಿಸಿದಳು. ಹನ್ನೊಂದು. ಒಂದು ಅಳಿಸಿದರೋ ಏನೋ. ಹನ್ನೊಂದಕ್ಕೆ ಏನು ಬರುತ್ತದೆ? ಯಾವ ಮಾತು? ಆಮೇಲೆ ಪ್ರಿಂಟರಿನ ಬಾಣಗಳ ಟಿಕ್ ಟಿಕ್ ಶುರುವಾಯಿತು. ಅದು ಬಹಳ ಹೊತ್ತು ನಡೆಯಿತು. ಅಷ್ಟು ಹೊತ್ತೂ ಅವಳು ತಿರುಗಲಿಲ್ಲ. ಒಂದು ಸಲ ಅತ್ತೆ ತಪ್ಪಿ, ತ್ಚು, ಎಂದು ಹಿಂದೆ ಹೋದರು; ಮತ್ತೆ ಹತ್ತಿಸಿದರು. ಯಾರದೋ ಕೈಬರಹವನ್ನು ಬೆನ್ನಿನ ಮೇಲೆ ಬರೆಸಿಕೊಳ್ಳುತ್ತಿರುವ ಹಾಗೆ ಸರ್ವಮಂಗಳ ನಿಂತಿದ್ದಳು, ಅಕ್ಷರ ತಿಳಿಯದೆ, ಒತ್ತು ಮಾತ್ರ ತಿಳಿಯುತ್ತ. ಕೊನೆಗೆ ಯಂತ್ರ ಒಳಗೊಳಗೇ ಏನನ್ನೋ ಸರಿಸಿಕೊಂಡ ಸದ್ದಾಯಿತು.

"ನೀಲಿ ಲೈಟು ನಿಂತ್ಕೊಂತು. ನೋಡು ಬಾ," ಎಂದರು ಅತ್ತೆ. ಫೋನು ಕೊಡುತ್ತ, "ನಿಂದಕ್ಕೂ ಹಾಕಿವ್ನಿ. ಶಂಭು ಬಂದ್ರೆ ನನ್ನತ್ರ ಕಳ್ಸು."

ಫಾರಂ ಕಳಿಸಿದಳು. ಕಾಗದ ತಡೆತಡೆದು ಹೊರಗೆ ಬಂತು, ಬೆಚ್ಚಗಿತ್ತು. ಮೇಲೆ ಹೆಸರು, ವಿಳಾಸ, ಕೆಳಗೆ ಸಹಿಯ ಖಾಲಿ ಜಾಗ. ಅತ್ತೆ ಪೆನ್ನು ಹುಡುಕತೊಡಗಿದರು. ಫಾರಂ ಮುಚ್ಚಿದಾಗ ಅವಳ ಅಂಗೈಯ ಫೋನಿನಲ್ಲಿ ಅತ್ತೆ ಬಿಟ್ಟ ಜಾಗವೇ ಮತ್ತೆ ತೆರೆದಿತ್ತು. ಪರದೆಯ ಮೇಲೆ ಹನ್ನೊಂದು ಕಪ್ಪು ಚುಕ್ಕಿಗಳು, ಅವುಗಳ ಪಕ್ಕದಲ್ಲಿ ಒಂದು ಪುಟ್ಟ ಕಣ್ಣಿನ ಗುರುತು. ಅದನ್ನು ಮುಟ್ಟಿದರೆ ಚುಕ್ಕಿಗಳು ಅಕ್ಷರಗಳಾಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಶಾಪವಿರಬಹುದು. ಶಿವನ ಹೆಸರಿರಬಹುದು. ಬರಿಯ ಒಂದು ಊರಿನ ಹೆಸರು, ಒಬ್ಬ ಹಳೆಯ ವಿದ್ಯಾರ್ಥಿಯ ಹೆಸರು, ಏನೂ ಇರಬಹುದು. ಹೆಬ್ಬೆರಳು ಕಣ್ಣಿನ ಮೇಲೆ, ಮುಟ್ಟದೆ, ನಿಂತಿತು.

"ನೋಡಂಗಿದ್ರೆ ನೋಡ್ಕೊ," ಎಂದರು ವಿಮಲಮ್ಮ, ಪೆನ್ನಿನ ಮುಚ್ಚಳ ತೆಗೆಯುತ್ತ, ಅವಳ ಕಡೆ ನೋಡದೆ. "ನೋಡ್ದೆ ಇದ್ರೂ ಇರ್ಬೋದು. ಐದು ವರ್ಷ ನಾನಿರ್ಲಿಲ್ವಾ?"

ಸರ್ವಮಂಗಳ ಫೋನನ್ನು ಬೋರಲಾಗಿ ಮೇಜಿನ ಮೇಲಿಟ್ಟಳು. ಕಾಗದ ಜಾರದ ಹಾಗೆ ಒಂದು ಅಂಚನ್ನು ಎರಡು ಬೆರಳಿನಿಂದ ಒತ್ತಿ ಹಿಡಿದುಕೊಂಡಳು. ಅತ್ತೆ ನಿಧಾನವಾಗಿ, ಹಲಗೆಯ ಮೇಲೆ ಬರೆಯುವಷ್ಟು ದುಂಡಗೆ, ಸಹಿ ಹಾಕತೊಡಗಿದರು.